ಇಪ್ಪತ್ತೆಂಟು ದಿನದ ಪೆನ್ನು

(ಮುಂಬಯಿಯ ಮಾಟುಂಗದಲ್ಲಿ ಹಿರಿಯ ಕನ್ನಡಿಗರು ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲಿ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪದದ ಗೊಂದಲ ಬಿಡಿಸಿಬಿಡೋಣ. ನಮ್ಮಲ್ಲಿ ‘ಸವೆತ’ ಎನ್ನುವ ಒಂದೇ ಮಾತನ್ನು ಎರಡು ಕಾಯಿಲೆಗೆ ಬಳಸುತ್ತೇವೆ. ಮಂಡಿ ಸವೆದಿದೆ, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದರೆ ಅದು ಕೀಲಿನ ಸವೆತ. ಆಸ್ಟಿಯೊಪೊರೋಸಿಸ್ ಬೇರೆ. ಅಲ್ಲಿ ಮೂಳೆಯೇ ಒಳಗೊಳಗೆ ಟೊಳ್ಳಾಗುತ್ತದೆ. ನೋವೇ ಇರುವುದಿಲ್ಲ. ಬಕೆಟ್ ಎತ್ತಿದಾಗ ಬೆನ್ನಿನ ಮೂಳೆ ಕುಸಿದ ಮೇಲೋ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೋ ಗೊತ್ತಾಗುತ್ತದೆ. ನಾವು ಇವತ್ತು ಮಾತಾಡುವ ಔಷಧಿ, ಅಂದರೆ ಪೆನ್ನಿನ ಆಕಾರದ ಸಾಧನದಿಂದ ಚುಚ್ಚಿಕೊಳ್ಳುವ ಇಂಜೆಕ್ಷನ್, ಈ ಎರಡನೆಯದಕ್ಕೆ ಮಾತ್ರ. ‘ನಿಮಗೆ ಮೂಳೆಗೆ ಇಂಜೆಕ್ಷನ್ ಕೊಟ್ಟಿದ್ದಾರಂತೆ, ನನ್ನ ಮಂಡಿಗೂ ಎರಡು ದಿನ ಹಾಕಿ ನೋಡೋಣವೇ’ ಎಂದು ಪಕ್ಕದ ಮನೆಯವರು ಕೇಳಿದರೆ, ಬೇಡ ಎಂದು ಹೇಳಿಬಿಡಿ. ಆ ಔಷಧಿಯಿಂದ ಮಂಡಿ ನೋವು ಹೋಗುವುದಿಲ್ಲ. ಸೂಜಿ ಬದಲಿಸಿದರೂ ಒಬ್ಬರ ಪೆನ್ನನ್ನು ಇನ್ನೊಬ್ಬರು ಬಳಸಲೇಬಾರದು. ಚುಚ್ಚಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಹಿಂದಕ್ಕೆ, ಔಷಧಿ ತುಂಬಿದ ಗಾಜಿನ ಕಾರ್ಟ್ರಿಡ್ಜ್‌ನೊಳಗೆ ಹೋಗಿರಬಹುದು.

ಔಷಧಿಯ ಹೆಸರು ಟೆರಿಪ್ಯಾರಟೈಡ್. ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು, ನಮ್ಮಲ್ಲಿ ಈಗ ಹಲವು ಕಂಪನಿಗಳು ತಯಾರಿಸುತ್ತವೆ. ಆಸ್ಟಿಯೊಪೊರೋಸಿಸ್‌ನ ಇಂಜೆಕ್ಷನ್‌ಗಳಲ್ಲಿ ಮನೆಯಲ್ಲೇ, ದಿನಕ್ಕೊಂದರಂತೆ, ತಾವೇ ಚುಚ್ಚಿಕೊಳ್ಳಬೇಕಾದದ್ದು ಇದು. ಉಳಿದವನ್ನು ಹೆಚ್ಚಾಗಿ ನರ್ಸೋ ಡಾಕ್ಟರೋ ಕೊಡುತ್ತಾರೆ, ತಪ್ಪಾದರೆ ನೋಡುವವರು ಇರುತ್ತಾರೆ. ಇದರಲ್ಲಿ ತಪ್ಪಾಗುತ್ತಿದ್ದರೆ ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಕೆಟ್ಟುಹೋದ ಔಷಧಿಯೂ ಒಳ್ಳೆಯ ಔಷಧಿಯಂತೆಯೇ ನೀರಿನ ಹಾಗೆ ತಿಳಿಯಾಗಿ ಕಾಣಬಹುದು. ಸೂಜಿ ಚುಚ್ಚುವುದನ್ನು ಎರಡು ದಿನದಲ್ಲಿ ಯಾರಾದರೂ ಕಲಿಯುತ್ತಾರೆ. ಎಡವುವುದು ತಂಪಿನಲ್ಲಿ, ದಿನದ ಲೆಕ್ಕದಲ್ಲಿ ಮತ್ತು ನಿಲ್ಲಿಸುವ ಹೊತ್ತಿನಲ್ಲಿ. ಅದಕ್ಕೇ ಆ ಮೂರರ ಬಗ್ಗೆ ಹೆಚ್ಚು ಮಾತಾಡುತ್ತೇವೆ.

ದಿನಕ್ಕೊಂದು ಸಲ ಏಕೆ?

ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಅಕ್ಕಿಕಾಳಿನಷ್ಟು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು. ಅವು ಬಿಡುವ ಹಾರ್ಮೋನು 84 ಅಮೈನೋ ಆಮ್ಲಗಳ ಸರಪಣಿ. ಆ ಸರಪಣಿಯ ಮೊದಲ 34 ಕೊಂಡಿಗಳೇ ಟೆರಿಪ್ಯಾರಟೈಡ್. ಈ ಹಾರ್ಮೋನು ರಕ್ತದಲ್ಲಿ ಹಗಲೂ ರಾತ್ರಿ ಹೆಚ್ಚಾಗಿಯೇ ಇದ್ದರೆ ಮೂಳೆ ಕರಗುತ್ತದೆ. ಅದೇ ದಿನಕ್ಕೊಂದು ಸಲ ಸರ್ರನೆ ಏರಿ ಇಳಿದರೆ ಮೂಳೆ ಕಟ್ಟುವ ಕಣಗಳು ಎಚ್ಚೆತ್ತು ಕೆಲಸಕ್ಕೆ ಇಳಿಯುತ್ತವೆ. ಚುಚ್ಚಿದ ಅರ್ಧ ಗಂಟೆಗೆ ಔಷಧಿ ರಕ್ತದಲ್ಲಿ ತುದಿ ಮುಟ್ಟುತ್ತದೆ, ಕೆಲವೇ ಗಂಟೆಯಲ್ಲಿ ಇಳಿದುಹೋಗುತ್ತದೆ. ಔಷಧಿಯ ಗುಣ ಇರುವುದೇ ಈ ಏರಿಳಿತದಲ್ಲಿ.

ಆದ್ದರಿಂದ ‘ನಿನ್ನೆ ಮರೆತೆ, ಇವತ್ತು ಎರಡು ಹಾಕಿಕೊಂಡೆ’ ಎನ್ನುವುದರಿಂದ ಲಾಭವಿಲ್ಲ. ನೆನಪಾದದ್ದು ಅದೇ ದಿನವಾದರೆ ಕೂಡಲೇ ಹಾಕಿಕೊಳ್ಳಿ. ದಿನ ದಾಟಿದ್ದರೆ ಆ ಡೋಸ್ ಹೋಯಿತು ಎಂದುಕೊಂಡು ಮುಂದಿನದನ್ನು ಎಂದಿನ ಹೊತ್ತಿಗೆ ಹಾಕಿಕೊಳ್ಳಿ. ಒಂದೇ ದಿನ ಎರಡು ಬೇಡ. 2001ರಲ್ಲಿ ಪ್ರಕಟವಾದ, 1637 ಮಹಿಳೆಯರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಔಷಧಿಯಿಲ್ಲದ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಶೇ. 14 ಮಂದಿಗೆ ಬೆನ್ನುಮೂಳೆ ಹೊಸದಾಗಿ ಮುರಿದಿತ್ತು. 20 ಮೈಕ್ರೋಗ್ರಾಂ ತೆಗೆದುಕೊಂಡವರಲ್ಲಿ ಅದು ಶೇ. 5ಕ್ಕೆ ಇಳಿಯಿತು. 40 ಮೈಕ್ರೋಗ್ರಾಂ ಕೊಟ್ಟಾಗ ಶೇ. 4. ಡೋಸ್ ಇಮ್ಮಡಿಯಾದರೂ ಲಾಭ ಹೆಚ್ಚೇನೂ ಏರಲಿಲ್ಲ, ವಾಕರಿಕೆ ತಲೆನೋವು ಮಾತ್ರ ಹೆಚ್ಚಾದವು. ದಿನಕ್ಕೆ 20 ಎಂಬ ಪ್ರಮಾಣ ನಿಂತದ್ದು ಹಾಗೆ.

ಪೆನ್ನಿನೊಳಗಿನ ಲೆಕ್ಕ

ಹೆಚ್ಚಾಗಿ ಸಿಗುವ ಪೆನ್ನಿನಲ್ಲಿ 2.4 ಮಿಲಿಲೀಟರ್ ದ್ರವ, ಅದರಲ್ಲಿ 600 ಮೈಕ್ರೋಗ್ರಾಂ ಔಷಧಿ ಇರುತ್ತದೆ. ದಿನಕ್ಕೆ 20ರಂತೆ 28 ದಿನಕ್ಕೆ 560 ಆಯಿತು. ಅಂದರೆ ಇಪ್ಪತ್ತೆಂಟನೆಯ ಡೋಸ್ ಮುಗಿದಾಗಲೂ ಗಾಜಿನೊಳಗೆ ಸ್ವಲ್ಪ ದ್ರವ ಕಾಣುತ್ತದೆ. ಇಷ್ಟು ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ನಮಗೂ ಅರ್ಥವಾಗುತ್ತದೆ. ಆದರೂ ಎಸೆಯಲೇಬೇಕು. ಆ ಉಳಿಕೆ, ಪೆನ್ನು ಸರಿಯಾಗಿ ಅಳೆದು ಕೊಡಲೆಂದು ತುಂಬಿರುವ ಹೆಚ್ಚುವರಿ, ನಿಮ್ಮ ಡೋಸ್ ಅಲ್ಲ.

ಇನ್ನೊಂದು ಲೆಕ್ಕ ದಿನದ್ದು. ಮೊದಲ ಸಲ ಚುಚ್ಚಿದ ದಿನದಿಂದ 28 ದಿನ ಮಾತ್ರ ಆ ಪೆನ್ನಿನ ಆಯಸ್ಸು. ನಡುವೆ ನಾಲ್ಕು ದಿನ ಬಿಟ್ಟುಹೋಗಿ ಒಳಗೆ ನಾಲ್ಕು ಡೋಸ್ ಉಳಿದಿದ್ದರೂ ಅಷ್ಟೇ. ಪೆನ್ನು ತೆರೆದ ದಿನವೇ ಡಬ್ಬಿಯ ಮೇಲೆ ಬಾಲ್‌ಪೆನ್ನಿನಲ್ಲಿ ಎರಡು ತಾರೀಖು ಬರೆಯಿರಿ: ಶುರು ಜೂನ್ 3, ಕೊನೆ ಜೂನ್ 30. ಶುರುವಿನ ದಿನವೂ ಲೆಕ್ಕಕ್ಕೆ ಸೇರುತ್ತದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಚುಚ್ಚಿದ ಕೂಡಲೇ ಆ ದಿನದ ಮನೆಗೆ ಗೆರೆ ಹಾಕಿ. ‘ಆಮೇಲೆ ಹಾಕೋಣ’ ಎಂದರೆ ಸಂಜೆಗೆ ‘ಹಾಕಿಕೊಂಡೆನೋ ಇಲ್ಲವೋ’ ಎಂಬ ಗುಮಾನಿ ಬರುತ್ತದೆ. ಗುಮಾನಿ ಬಂದರೆ ಆ ದಿನಕ್ಕೆ ಬಿಟ್ಟುಬಿಡಿ. ಒಂದು ದಿನ ತಪ್ಪಿದರೆ ಹೆಚ್ಚು ನಷ್ಟವಿಲ್ಲ, ಎರಡು ಸಲ ಹಾಕಿದರೆ ತಲೆ ಸುತ್ತಿ ಬೀಳುವ ಅಪಾಯವಿದೆ.

ಅಂಗಡಿಯಿಂದ ಮನೆಗೆ, ಮನೆಯಿಂದ ಊರಿಗೆ

ಈ ಔಷಧಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಮುಂಬಯಿಯ ಮೇ ತಿಂಗಳ ಸೆಕೆ, ಅಕ್ಟೋಬರಿನ ಬಿಸಿಲು, ತುಂಬಿ ತುಳುಕುವ ಲೋಕಲ್ ಟ್ರೇನು, ಇವುಗಳ ನಡುವೆ ಅದನ್ನು ಕಾಪಾಡುವುದೇ ದೊಡ್ಡ ಕೆಲಸ. ದಾದರಿನಲ್ಲಿ ಔಷಧಿ ಕೊಂಡು, ತರಕಾರಿ ಹೂವು ಎಲ್ಲ ಕೊಂಡು, ಡೊಂಬಿವಿಲಿಗೆ ಹೋಗುವವರು ಪೆನ್ನನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಿ. ಅಂಗಡಿಯವರು ಅದನ್ನು ಫ್ರಿಜ್‌ನಿಂದ ತೆಗೆದರೋ ಶೆಲ್ಫಿನಿಂದ ತೆಗೆದರೋ ಕಣ್ಣಾರೆ ನೋಡಿ. ಶೆಲ್ಫಿನಿಂದ ಬಂದರೆ ತೆಗೆದುಕೊಳ್ಳಬೇಡಿ. ತಂಪು ಹಿಡಿದಿಡುವ ಜೆಲ್ ಪ್ಯಾಕ್ ಕೇಳಿ ಪಡೆಯಿರಿ. ಆನ್‌ಲೈನ್‌ನಲ್ಲಿ ತರಿಸುವವರು ‘ವಾಚ್‌ಮನ್ ಹತ್ತಿರ ಕೊಟ್ಟುಹೋಗಿ’ ಎನ್ನಬೇಡಿ. ಗೇಟಿನ ಬಳಿ ಮೂರು ಗಂಟೆ ಕುಳಿತ ಡಬ್ಬಿಯೊಳಗೆ ಏನಾಗಿದೆ ಎಂದು ಆಮೇಲೆ ನೋಡಿ ಹೇಳಲು ಬರುವುದಿಲ್ಲ. ಕೈಗೆ ಬಂದಾಗ ಪ್ಯಾಕ್ ತಣ್ಣಗಿಲ್ಲದಿದ್ದರೆ ವಾಪಸು ಕಳಿಸಿ.

ಫ್ರಿಜ್‌ನಲ್ಲಿ ನಡುವಿನ ತಟ್ಟೆಯೇ ಸರಿಯಾದ ಜಾಗ. ಬಾಗಿಲಿನ ಗೂಡು ಬೇಡ, ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ಹೊಡೆಯುತ್ತದೆ. ಒಂದು ಬಾಗಿಲಿನ ಫ್ರಿಜ್‌ನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯ ಕೆಳಗಿನ ತಟ್ಟೆಯೂ ಬೇಡ, ಹಿಂಬದಿಯ ಗೋಡೆಗೆ ತಾಗಿಸುವುದೂ ಬೇಡ. ಅಲ್ಲಿ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಪೆನ್ನು ಕರಗಿದ ಮೇಲೆ ಎಷ್ಟೇ ತಿಳಿಯಾಗಿದ್ದರೂ ಉಪಯೋಗಕ್ಕಿಲ್ಲ. ಮುಚ್ಚಳವಿರುವ ಒಂದು ಡಬ್ಬಿಯೊಳಗಿಟ್ಟರೆ ಮೊಸರಿನ ಪಾತ್ರೆ ತಗುಲಿ ಉರುಳುವುದಿಲ್ಲ, ಮೊಮ್ಮಕ್ಕಳ ಕೈಗೂ ಸಿಗುವುದಿಲ್ಲ. ಕರೆಂಟು ಹೋದರೆ ಬಾಗಿಲು ತೆರೆಯದೆ ಬಿಡಿ. ‘ಔಷಧಿ ಹೇಗಿದೆಯೋ ನೋಡೋಣ’ ಎಂದು ತೆರೆಯುವುದರಿಂದಲೇ ತಂಪು ಹೋಗುತ್ತದೆ.

ನಮ್ಮಲ್ಲಿ ಬಹಳ ಮಂದಿ ರಜೆಗೆ ಊರಿಗೆ ಹೋಗುವವರು. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಪ್ರಯಾಣ. ಎಸಿ ಬೋಗಿ ಎಂದು ಪೆನ್ನನ್ನು ಹಾಗೇ ಬ್ಯಾಗಿನಲ್ಲಿಡಬೇಡಿ, ನಮಗೆ ಚಳಿಯಾಗುವ ಬೋಗಿಯೂ ಔಷಧಿಗೆ ಸೆಕೆಯೇ. ಇನ್ಸುಲಿನ್ ಒಯ್ಯುವ ದಪ್ಪ ಚೀಲ ಅಥವಾ ಒಳ್ಳೆಯ ಫ್ಲಾಸ್ಕ್ ತೆಗೆದುಕೊಳ್ಳಿ. ಜೆಲ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಮೇಲೆ ನೀರು ಬೆವರುವವರೆಗೆ ಹೊರಗಿಡಿ, ಆಮೇಲೆ ಚೀಲಕ್ಕೆ ಹಾಕಿ. ಪೆನ್ನನ್ನು ಹತ್ತಿಯ ಟವೆಲಿನಲ್ಲಿ ಎರಡು ಸುತ್ತು ಸುತ್ತಿ, ಪ್ಯಾಕಿಗೆ ನೇರವಾಗಿ ತಾಗದಂತೆ ಇಡಿ. ಗಟ್ಟಿ ಮಂಜಿಗೆ ತಾಗಿಸಿಟ್ಟರೆ ಕುರ್ಲಾದಲ್ಲಿ ಹತ್ತಿದ ಪೆನ್ನು ರತ್ನಾಗಿರಿ ಮುಟ್ಟುವ ಮೊದಲೇ ಹೆಪ್ಪುಗಟ್ಟಬಹುದು. ವಿಮಾನದಲ್ಲಾದರೆ ಕೈಚೀಲದಲ್ಲೇ, ಡಾಕ್ಟರ ಚೀಟಿಯ ಜೊತೆ ಇರಲಿ.

ಚುಚ್ಚುವ ಕೆಲಸ

ಪೆನ್ನುಗಳು ಒಂದೇ ತರಹ ಇರುವುದಿಲ್ಲ. ಕೆಲವಕ್ಕೆ ಗುಂಡಿ ಎಳೆಯಬೇಕು, ಕೆಲವಕ್ಕೆ ತಿರುಗಿಸಬೇಕು. ಕೆಲವಕ್ಕೆ ಮೊದಲ ಸಲ ಗಾಳಿ ಹೊರಹಾಕಬೇಕು, ಕೆಲವಕ್ಕೆ ಅದು ಬೇಕಿಲ್ಲ. ಅಂಗಡಿಯಲ್ಲಿ ಕಂಪನಿ ಬದಲಾಯಿಸಿ ಕೊಟ್ಟರೆ ಹೊಸ ಪೆನ್ನಿನ ಕೈಪಿಡಿಯನ್ನು ಮತ್ತೆ ಮೊದಲಿನಿಂದ ಓದಿ. ಕೆಳಗೆ ಹೇಳುವುದು ಗುಂಡಿ ಎಳೆಯುವ, ಡೋಸ್ ಮೊದಲೇ ಗೊತ್ತುಮಾಡಿಟ್ಟ ಪೆನ್ನಿನ ಕ್ರಮ.

ಕೈ ತೊಳೆದು ಒರೆಸಿಕೊಳ್ಳಿ. ಪೆನ್ನಿನ ಹೆಸರು ಓದಿ, ಮುಖ್ಯವಾಗಿ ಮನೆಯಲ್ಲಿ ಇನ್ಸುಲಿನ್ ಪೆನ್ನೂ ಇದ್ದರೆ. ಗಂಡನದು ಇನ್ಸುಲಿನ್, ಹೆಂಡತಿಯದು ಮೂಳೆಯ ಔಷಧಿ, ಎರಡೂ ಒಂದೇ ತಟ್ಟೆಯಲ್ಲಿ. ಇದು ನಿಜವಾಗಿ ಪ್ರಾಣಕ್ಕೆ ಬರುವ ಗೊಂದಲ. ಎರಡಕ್ಕೂ ಬೇರೆ ಬಣ್ಣದ ಡಬ್ಬಿ ಇರಲಿ, ಬೇರೆ ತಟ್ಟೆ ಇರಲಿ. ಆಮೇಲೆ ದ್ರವ ನೋಡಿ: ಬಣ್ಣವಿಲ್ಲದೆ ತಿಳಿಯಾಗಿರಬೇಕು. ಮಬ್ಬು ಅಥವಾ ಕಣಗಳು ಕಂಡರೆ ಬಿಟ್ಟುಬಿಡಿ.

ದಿನವೂ ಹೊಸ ಸೂಜಿ. ಇದು ಪೆನ್ನಿನ ಜೊತೆ ಬರದೆ ಬೇರೆಯಾಗಿಯೇ ಕೊಳ್ಳಬೇಕಾಗಬಹುದು. ಕಾಗದ ಕಿತ್ತು, ಸೂಜಿಯನ್ನು ನೇರವಾಗಿ ಒತ್ತಿ, ಗಟ್ಟಿಯಾಗುವವರೆಗೆ ತಿರುಗಿಸಿ. ಓರೆಯಾಗಿ ಕೂತರೆ ಪಕ್ಕದಿಂದ ಸೋರುತ್ತದೆ. ಸೂಜಿಯ ದೊಡ್ಡ ಮುಚ್ಚಳ ತೆಗೆದು ಪಕ್ಕಕ್ಕಿಡಿ, ಆಮೇಲೆ ಅದು ಬೇಕು. ಗುಂಡಿಯನ್ನು ನಿಲ್ಲುವವರೆಗೆ ಎಳೆಯಿರಿ, ಕೆಂಪು ಪಟ್ಟಿ ಕಾಣಬೇಕು. ಈಗ ಒಳಗಿನ ಸಣ್ಣ ಮುಚ್ಚಳ ತೆಗೆದು ಎಸೆಯಿರಿ.

ಜಾಗ ತೊಡೆಯ ಮುಂಭಾಗ, ಇಲ್ಲವೇ ಹೊಟ್ಟೆ. ಹೊಟ್ಟೆಯಲ್ಲಾದರೆ ಹೊಕ್ಕುಳದಿಂದ ಸುಮಾರು ಎರಡು ಇಂಚು ದೂರ. ಸೀರೆ ಉಡುವವರು ಲಂಗದ ಲಾಡಿ ಬಿಗಿಯುವ ಗೆರೆಯನ್ನು ಬಿಡಿ, ಅಲ್ಲಿ ಚರ್ಮ ಮೊದಲೇ ಉಜ್ಜಿ ಹೋಗಿರುತ್ತದೆ. ಬಟ್ಟೆಯ ಮೇಲಿಂದ ಚುಚ್ಚಬಾರದು. ದಿನಕ್ಕೊಂದು ಕಡೆ ಬದಲಿಸುತ್ತಾ ಹೋಗಿ. ಸ್ಪಿರಿಟ್ ಒರೆಸಿದರೆ ಆರಲು ಬಿಡಿ, ಹಸಿ ಇದ್ದರೆ ಉರಿಯುತ್ತದೆ. ಚರ್ಮವನ್ನು ಮೆತ್ತಗೆ ಮಡಿಕೆ ಹಿಡಿದು ಸೂಜಿಯನ್ನು ನೇರವಾಗಿ ಒಳಸೇರಿಸಿ, ಗುಂಡಿಯನ್ನು ಪೂರ್ತಿ ಒತ್ತಿ, ಒತ್ತಿ ಹಿಡಿದುಕೊಂಡೇ ನಿಧಾನವಾಗಿ ಐದರವರೆಗೆ ಎಣಿಸಿ.

ಈ ಐದು ಎಣಿಸುವುದರಲ್ಲೇ ಹೆಚ್ಚಿನವರು ಅವಸರ ಮಾಡುವುದು. ದಿನದ ಡೋಸ್ ಬರೀ 0.08 ಮಿಲಿಲೀಟರ್, ಅಂದರೆ ಒಂದೆರಡು ಹನಿ. ಸೂಜಿಯ ರಂಧ್ರ ಕೂದಲಿನಷ್ಟು ಸಣ್ಣದು, ದ್ರವ ಹೋಗಲು ಹೊತ್ತು ಬೇಕು. ಬೇಗ ಎಳೆದರೆ ಹನಿ ಚರ್ಮದ ಮೇಲೆ ಉಳಿಯುತ್ತದೆ. ಅಷ್ಟು ಸಣ್ಣ ಡೋಸಿನಲ್ಲಿ ಒಂದು ಹನಿ ಎಂದರೆ ಅರ್ಧ ಔಷಧಿಯೇ ಹೋದ ಹಾಗೆ. ಸೂಜಿ ತೆಗೆದ ಮೇಲೆ ಗುಂಡಿ ಪೂರ್ತಿ ಒಳಗಿರಬೇಕು, ಅದರ ಕೆಳಗಿನ ಹಳದಿ ಕಡ್ಡಿ ಕಾಣಬಾರದು. ಕಂಡರೆ ಡೋಸ್ ಪೂರ್ತಿ ಹೋಗಿಲ್ಲ. ಹಾಗಂತ ಅದೇ ದಿನ ಮತ್ತೆ ಚುಚ್ಚಬೇಡಿ. ಎಷ್ಟು ಹೋಗಿದೆ ಎಂದು ತಿಳಿಯುವ ದಾರಿಯಿಲ್ಲ. ಪೆನ್ನನ್ನು ಕೈಪಿಡಿಯಲ್ಲಿ ಹೇಳಿದಂತೆ ಮೊದಲ ಸ್ಥಿತಿಗೆ ತಂದು, ಮರುದಿನ ಹೊಸ ಸೂಜಿಯಿಂದ ಮುಂದುವರಿಸಿ.

ಕೊನೆಗೆ ಸೂಜಿ ತೆಗೆದೇ ಪೆನ್ನನ್ನು ಫ್ರಿಜ್‌ಗೆ ಇಡಿ. ಸೂಜಿ ಹಾಕಿಯೇ ಇಟ್ಟರೆ ದ್ರವ ಸೋರುತ್ತದೆ, ಗಾಳಿಗುಳ್ಳೆ ಸೇರುತ್ತದೆ, ಆ ದಾರಿಯಲ್ಲೇ ಕ್ರಿಮಿಯೂ ಹೋಗುತ್ತದೆ.

ಪೆನ್ನಿನಿಂದ ಔಷಧಿಯನ್ನು ಇನ್ಸುಲಿನ್ ಸಿರಿಂಜಿಗೆ ಎಳೆದು ಹಾಕಿಕೊಳ್ಳಬಹುದೇ ಎಂದು ಸಭೆಯಲ್ಲಿ ಕೇಳಿದರು. ಬೇಡವೇ ಬೇಡ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಮತ್ತು 100 ಯೂನಿಟ್‌ನ ಎರಡು ಬಗೆಯ ಇನ್ಸುಲಿನ್ ಸಿರಿಂಜುಗಳಿವೆ. ಒಂದೇ ‘8 ಯೂನಿಟ್’ ಗೆರೆ 100ರದ್ದರಲ್ಲಿ 0.08 ಮಿಲಿಲೀಟರ್, 40ರದ್ದರಲ್ಲಿ 0.2 ಮಿಲಿಲೀಟರ್. ಸಿರಿಂಜು ತಪ್ಪಿದರೆ 20 ಮೈಕ್ರೋಗ್ರಾಂ ಹೋಗಬೇಕಾದಲ್ಲಿ 50 ಹೋಗುತ್ತದೆ. ಪೆನ್ನು ಕೆಟ್ಟರೆ ಅಂಗಡಿಗೆ ಒಯ್ದು ಬದಲಿಸಿಕೊಳ್ಳಿ.

ಚುಚ್ಚಿದ ಮೇಲಿನ ನಾಲ್ಕು ಗಂಟೆ

ಮೊದಲ ಕೆಲವು ಡೋಸ್‌ಗಳಲ್ಲಿ ಕೆಲವರಿಗೆ ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತುತ್ತದೆ, ಎದೆ ಡವಗುಟ್ಟುತ್ತದೆ. ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ ಬಂದು ಹೋಗುತ್ತದೆ. ಮೂಳೆ ಟೊಳ್ಳಾದವರು ಬೀಳುವುದೇ ದೊಡ್ಡ ಅಪಾಯ, ಹಾಗಾಗಿ ಮೊದಲ ವಾರ ಮಂಚದ ಮೇಲೆ ಕುಳಿತೇ ಚುಚ್ಚಿಕೊಳ್ಳಿ, ಜೊತೆಗೆ ಯಾರಾದರೂ ಇರಲಿ. ತಲೆ ತಿರುಗಿದರೆ ಅಲ್ಲೇ ಮಲಗಿ. ಮಲಗುವ ಮುಂಚೆ ಹಾಕಿಕೊಳ್ಳುವವರು ರಾತ್ರಿ ಬಚ್ಚಲಿಗೆ ಏಳುವಾಗ ಒಂದು ನಿಮಿಷ ಮಂಚದ ಅಂಚಿನಲ್ಲಿ ಕುಳಿತು, ದೀಪ ಹಾಕಿ, ಆಮೇಲೆ ಏಳಿ. ಬಿಪಿ ಮಾತ್ರೆ ನುಂಗುವವರು ಯಾವ ಹೊತ್ತಿಗೆ ಯಾವುದು ಎಂದು ಡಾಕ್ಟರ ಹತ್ತಿರ ಕೂತು ಗೊತ್ತುಮಾಡಿಕೊಳ್ಳಿ. ಕಾಲಿನ ಮಾಂಸಖಂಡ ಹಿಡಿದುಕೊಳ್ಳುವುದು, ವಾಕರಿಕೆ, ಕೀಲುನೋವು ಇವೂ ಇವೆ. ಬಿಡದೆ ಕಾಡಿದರೆ ಹೇಳಿ.

ಈ ಔಷಧಿ ರಕ್ತದ ಕ್ಯಾಲ್ಸಿಯಂ ಅನ್ನು ಸ್ವಲ್ಪ ಹೊತ್ತು ಏರಿಸುತ್ತದೆ. ಚುಚ್ಚಿದ ನಾಲ್ಕರಿಂದ ಆರು ಗಂಟೆಗೆ ತುದಿ ಮುಟ್ಟಿ, 16ರಿಂದ 24 ಗಂಟೆಯೊಳಗೆ ಮೊದಲಿನಂತಾಗುತ್ತದೆ. ಲ್ಯಾಬಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ನಾವೇ ನೆನಪಿಡಬೇಕು: ಕೊನೆಯ ಇಂಜೆಕ್ಷನ್ ಆಗಿ ಕನಿಷ್ಠ 16 ಗಂಟೆಯಾದ ಮೇಲೆಯೇ ಕ್ಯಾಲ್ಸಿಯಂಗೆ ರಕ್ತ ಕೊಡಬೇಕು. ಬೆಳಿಗ್ಗೆ ಚುಚ್ಚಿಕೊಳ್ಳುವವರಾದರೆ ಸುಲಭ, ರಕ್ತ ಕೊಟ್ಟು ಬಂದು ಆಮೇಲೆ ಚುಚ್ಚಿಕೊಳ್ಳಿ. ರಾತ್ರಿ ಒಂಬತ್ತಕ್ಕೆ ಚುಚ್ಚಿಕೊಳ್ಳುವವರು ಮರುದಿನ ಮಧ್ಯಾಹ್ನ ಒಂದರ ಮೇಲೆ ಕೊಡಿ. ಹೊತ್ತು ತಪ್ಪಿ ಕೊಟ್ಟ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚು ಕಂಡರೆ, ಬೇಕಾದ ಔಷಧಿಯನ್ನೇ ನಿಲ್ಲಿಸುವ ಪರಿಸ್ಥಿತಿ ಬರಬಹುದು.

ನಿಜವಾಗಿಯೇ ಕ್ಯಾಲ್ಸಿಯಂ ಏರುವುದೂ ಉಂಟು. ಬಿಡದ ವಾಕರಿಕೆ, ವಾಂತಿ, ಮಲಬದ್ಧತೆ, ವಿಪರೀತ ಸುಸ್ತು ಕಂಡರೆ ಡಾಕ್ಟರಿಗೆ ಫೋನ್ ಮಾಡಿ. ಇದಕ್ಕೆ ಮನೆಯಲ್ಲೇ ಇರುವ ಒಂದು ಕಾರಣ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ. ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಕ್ಕೆಂದು ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ನುಂಗುವವರಿದ್ದಾರೆ. ನಿಮ್ಮ ಚೀಟಿಯಲ್ಲಿ ಎಷ್ಟು ವಾರ ಎಂದಿದೆ, ನೋಡಿ. ಕಿಡ್ನಿಯಲ್ಲಿ ಕಲ್ಲಿದ್ದವರು, ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಕು.

ಯಾರಿಗೆ ಈ ಔಷಧಿ ಬೇಡ ಎಂಬುದನ್ನು ಡಾಕ್ಟರು ನಿರ್ಧರಿಸುತ್ತಾರೆ, ಆದರೆ ಹಳೆಯ ಸಂಗತಿ ಹೇಳಬೇಕಾದವರು ನೀವೇ. ಹಿಂದೆ ಕ್ಯಾನ್ಸರಿಗೆ ಮೂಳೆಯ ಭಾಗಕ್ಕೆ ರೇಡಿಯೇಷನ್ ಆಗಿದ್ದರೆ, ಮೂಳೆಯಲ್ಲಿ ಕ್ಯಾನ್ಸರ್ ಇದ್ದಿದ್ದರೆ, ಮೂಳೆ ಅಡ್ಡಾದಿಡ್ಡಿ ಬೆಳೆಯುವ ಪ್ಯಾಜೆಟ್ ಕಾಯಿಲೆ ಇದ್ದರೆ, ರಕ್ತ ಪರೀಕ್ಷೆಯಲ್ಲಿ ಕಾರಣ ಗೊತ್ತಿಲ್ಲದೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಅಂಶ ಹೆಚ್ಚಾಗಿದ್ದರೆ, ಇಪ್ಪತ್ತು ವರ್ಷ ಹಳೆಯದಾದರೂ ಹೇಳಿ. ಇಲಿಗಳಲ್ಲಿ ಮೂಳೆಯ ಗೆಡ್ಡೆ ಕಂಡದ್ದರಿಂದ ಅಮೆರಿಕದಲ್ಲಿ ಮೊದಲಿನಿಂದ ಒಂದು ಕಟ್ಟೆಚ್ಚರವನ್ನು ಕೈಪಿಡಿಯಲ್ಲಿ ಚೌಕಟ್ಟು ಹಾಕಿ ಮುದ್ರಿಸುತ್ತಿದ್ದರು. ಮನುಷ್ಯರಲ್ಲಿ ಅಂಥ ಹೆಚ್ಚಳ ಕಾಣದೆ 2020ರಲ್ಲಿ ಅದನ್ನು ತೆಗೆದರು. ಹಳೆಯ ಕೈಪಿಡಿ ಓದಿ ಹೆದರಿ ಅರ್ಧಕ್ಕೆ ಬಿಡುವವರಿಗಾಗಿ ಈ ಮಾತು.

ಆರು ತಿಂಗಳ ಇಂಜೆಕ್ಷನ್

ಡೆನೊಸುಮ್ಯಾಬ್ ಎಂಬ ಇನ್ನೊಂದು ಔಷಧಿಯ ಬಗ್ಗೆ ಕೇಳಿದ್ದಾರೆ. 60 ಮಿಲಿಗ್ರಾಂ, ಆರು ತಿಂಗಳಿಗೊಮ್ಮೆ, ಕ್ಲಿನಿಕ್ಕಿನಲ್ಲಿ ಚರ್ಮದಡಿ ಕೊಡುತ್ತಾರೆ. ಇದು ಮೂಳೆ ಕರಗಿಸುವ ಕಣಗಳನ್ನು ಕಟ್ಟಿಹಾಕುತ್ತದೆ. ಔಷಧಿಯ ಅವಧಿ ಮುಗಿದ ಕೂಡಲೇ ಆ ಕಣಗಳು ಒಟ್ಟಿಗೇ ಬಿಡುಗಡೆಯಾದಂತೆ ಮೂಳೆಯನ್ನು ವೇಗವಾಗಿ ಕರಗಿಸುತ್ತವೆ, ಬೆನ್ನಿನ ಎರಡು ಮೂರು ಮೂಳೆಗಳು ಒಟ್ಟಿಗೇ ಕುಸಿದದ್ದುಂಟು. ಆದ್ದರಿಂದ ಹಿಂದಿನ ಇಂಜೆಕ್ಷನ್‌ನಿಂದ ಏಳು ತಿಂಗಳು ದಾಟಲೇಬಾರದು. ಮೇ ತಿಂಗಳಲ್ಲಿ ಊರಿಗೆ ಹೋಗಿ ಚೌತಿ ಮುಗಿಸಿ ಬರುವವರು ಹೊರಡುವ ಮುಂಚೆ ತಾರೀಖು ನೋಡಿ. ನಡುವೆ ಬಿದ್ದರೆ ಊರಿನ ಡಾಕ್ಟರಿಂದಲೇ ಹಾಕಿಸಿಕೊಳ್ಳುವ ಏರ್ಪಾಡು ಮಾಡಿಕೊಳ್ಳಿ. ಈ ಔಷಧಿಗೆ ರಕ್ತದ ಕ್ಯಾಲ್ಸಿಯಂ ಇಳಿಯುವ ಅಪಾಯವಿದೆ, ಅದರಲ್ಲೂ ಡಯಾಲಿಸಿಸ್‌ನಲ್ಲಿರುವವರಿಗೆ ಬಹಳ ಹೆಚ್ಚು. 2024ರಲ್ಲಿ ಅಮೆರಿಕದಲ್ಲಿ ಅದಕ್ಕೆಂದೇ ಕಟ್ಟೆಚ್ಚರ ಸೇರಿಸಿದರು. ಹಲ್ಲು ಕೀಳಿಸುವುದಿದ್ದರೆ ಇಂಜೆಕ್ಷನ್ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ. ಶುರುವಾದ ಮೇಲೆ ಹಲ್ಲಿನ ಡಾಕ್ಟರಿಗೆ ಹೇಳದೆ ಕೂರಬೇಡಿ. ಡೆನೊಸುಮ್ಯಾಬ್ ಬಿಟ್ಟು ನೇರವಾಗಿ ಟೆರಿಪ್ಯಾರಟೈಡ್‌ಗೆ ಬದಲಾಯಿಸುವುದೂ ಒಳ್ಳೆಯ ಕ್ರಮವಲ್ಲ, ನಡುವೆ ಮೂಳೆ ಕಳೆದುಹೋಗುತ್ತದೆ.

ಸೂಜಿಗಳು, ಮತ್ತು ಕೊನೆಯ ಪೆನ್ನು

ವರ್ಷಕ್ಕೆ 365 ಸೂಜಿ ಮನೆಯಿಂದ ಹೊರಹೋಗುತ್ತವೆ. ಅವನ್ನು ಕಸದ ಚೀಲಕ್ಕೆ ಹಾಕಿದರೆ ಚುಚ್ಚುವುದು ಕಟ್ಟಡದ ಕಸ ಎತ್ತುವ ಹೆಂಗಸಿನ ಕೈಗೆ. ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ ಎಲ್ಲ ಹೀಗೆ ದಾಟಬಲ್ಲವು. ನೀರಿನ ತೆಳು ಬಾಟಲಿಯಲ್ಲಿ ಸೂಜಿ ತೂರಿ ಬರುತ್ತದೆ, ಬಟ್ಟೆ ಸೋಪಿನ ದ್ರವ ಬರುವ ದಪ್ಪ ಡಬ್ಬಿ ಒಳ್ಳೆಯದು. ಸೂಜಿಯ ದೊಡ್ಡ ಮುಚ್ಚಳವನ್ನು ಮೇಜಿನ ಮೇಲಿಟ್ಟು, ಒಂದೇ ಕೈಯಲ್ಲಿ ಸೂಜಿಯನ್ನು ಅದರೊಳಗೆ ತೂರಿಸಿ, ತಿರುಗಿಸಿ ಬಿಚ್ಚಿ, ಡಬ್ಬಿಗೆ ಹಾಕಿ. ಮುಕ್ಕಾಲು ತುಂಬಿದಾಗ ಮುಚ್ಚಿ, ಟೇಪು ಸುತ್ತಿ, ಮೇಲೆ ‘ಸೂಜಿ’ ಎಂದು ಮರಾಠಿಯಲ್ಲೂ ದಪ್ಪಕ್ಷರದಲ್ಲಿ ಬರೆಯಿರಿ, ಎತ್ತುವವರು ಓದುವುದು ಅದನ್ನು. ಘನತ್ಯಾಜ್ಯದ 2016ರ ನಿಯಮಗಳಲ್ಲೇ ಬಳಸಿದ ಸೂಜಿ ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿತ್ತು. ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಬೇರೆಯಾಗಿ ಕೊಡಬೇಕು. ನಿಮ್ಮ ಕ್ಲಿನಿಕ್ ಅದನ್ನು ವಾಪಸು ತೆಗೆದುಕೊಂಡರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಟೆರಿಪ್ಯಾರಟೈಡ್ ಅನ್ನು ಸಾಮಾನ್ಯವಾಗಿ ಜೀವಮಾನದಲ್ಲಿ ಒಟ್ಟು ಎರಡು ವರ್ಷ ಕೊಡುತ್ತಾರೆ. 28 ದಿನಕ್ಕೊಂದರಂತೆ ಅದು 26 ಪೆನ್ನು. ಕಟ್ಟಿದ ಮೂಳೆ ತಾನಾಗಿ ನಿಲ್ಲುವುದಿಲ್ಲ. ಔಷಧಿ ನಿಲ್ಲಿಸಿ ಸುಮ್ಮನಿದ್ದರೆ ಬಂದದ್ದು ಇಳಿಯತೊಡಗುತ್ತದೆ, ಆದ್ದರಿಂದ ಹಿಂದೆಯೇ ಮೂಳೆ ಕರಗದಂತೆ ತಡೆಯುವ ಔಷಧಿ ಶುರುವಾಗಬೇಕು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯೋ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರಾನಿಕ್ ಆಮ್ಲವೋ, ಡೆನೊಸುಮ್ಯಾಬೋ, ನಿಮ್ಮ ಕಿಡ್ನಿ, ಹೊಟ್ಟೆ, ಹಲ್ಲು ನೋಡಿ ಡಾಕ್ಟರು ಹೇಳುತ್ತಾರೆ. ಬಹಳ ಮಂದಿ ‘ಕೋರ್ಸ್ ಮುಗಿಯಿತು’ ಎಂದು ಕೊನೆಯ ಪೆನ್ನಿನ ಜೊತೆಗೆ ಡಾಕ್ಟರನ್ನೂ ಬಿಟ್ಟುಬಿಡುತ್ತಾರೆ. ಹಾಗಾಗಿ ಪ್ರತಿ ಪೆನ್ನಿನ ಡಬ್ಬಿಯ ಮೇಲೆ ತಾರೀಖಿನ ಜೊತೆ ಅದು ಎಷ್ಟನೆಯದು ಎಂದೂ ಬರೆಯುತ್ತಾ ಹೋಗಿ. 24 ಎಂದು ಬರೆದ ದಿನವೇ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ, ರಕ್ತ ಪರೀಕ್ಷೆ, ಹಲ್ಲಿನ ತಪಾಸಣೆ ಎಲ್ಲ ಮುಗಿದು, 26ನೆಯ ಪೆನ್ನು ಖಾಲಿಯಾಗುವ ಹೊತ್ತಿಗೆ ಮುಂದಿನ ಔಷಧಿಯ ಚೀಟಿ ಕೈಯಲ್ಲಿರಬೇಕು.